ನಾಯಿಗೆ ಯಾವ ಮೂಳೆ ಸುರಕ್ಷಿತ?

ಪ್ರಶ್ನೆ: ನಮ್ಮ ಎರಡು ವರ್ಷದ ನಾಯಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಅಡುಗೆಯಲ್ಲಿ ಉಳಿದ ಕೋಳಿಯ ಮೂಳೆಯನ್ನು ಅದಕ್ಕೆ ಕೊಡಬಹುದೇ? ಅಂಗಡಿಯ ಚರ್ಮದ ಮೂಳೆ ಒಳ್ಳೆಯದೇ?

ಉತ್ತರ: ಬೇಯಿಸಿದ ಮೂಳೆಯನ್ನು, ಅದು ಯಾವ ಪ್ರಾಣಿಯದೇ ಆಗಿರಲಿ, ಕೊಡಲೇಬೇಡಿ. ಬೆಂದ ಮೂಳೆ ಪೆಡಸಾಗುವುದರಿಂದ ಕಡಿದಾಗ ಸೂಜಿಯಂಥ ಚೂರುಗಳಾಗಿ ಸೀಳಿ ಗಂಟಲನ್ನೋ ಕರುಳನ್ನೋ ಚುಚ್ಚಬಲ್ಲದು. ಹಸಿ ಮೂಳೆ ಅಷ್ಟು ಸುಲಭವಾಗಿ ಸೀಳದಿದ್ದರೂ ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಮನೆಯವರಿಗೂ ಹರಡಬಹುದು.

ಗಟ್ಟಿಯಾದಷ್ಟೂ ಹೆಚ್ಚು ದಿನ ಬಾಳುತ್ತದೆಂದು ಹಲವರು ಜಿಂಕೆಯ ಕೊಂಬು, ಗೊರಸುಗಳನ್ನು ಆರಿಸುತ್ತಾರೆ. ಬಾಳುವುದು ನಿಜ, ಹಲ್ಲು ಮಾತ್ರ ಬಾಳುವುದಿಲ್ಲ. ವಯಸ್ಕ ನಾಯಿಯ 42 ಹಲ್ಲುಗಳಲ್ಲಿ, ಕಡಿಯುವ ಭಾರವನ್ನೆಲ್ಲ ಹೊರುವ ಮೇಲ್ದವಡೆಯ ದೊಡ್ಡ ಹಲ್ಲಿನಿಂದ ಹೊರಪದರವೇ ಚಕ್ಕೆಯಾಗಿ ಕಳಚಿ, ಒಳಗಿನ ನರ ಬಯಲಾಗುವುದುಂಟು. ಕೊಳ್ಳುವ ಮೊದಲು ವಸ್ತುವಿನ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ: ಗುರುತು ಮೂಡದಿದ್ದರೆ ಅದು ಹಲ್ಲಿಗೆ ಅತಿ ಗಟ್ಟಿ.

ಚರ್ಮದ ಮೂಳೆ ಉಗುರಿನ ಪರೀಕ್ಷೆಯಲ್ಲಿ ಗೆದ್ದರೂ ನಾನು ಅದನ್ನು ಸೂಚಿಸಲಾರೆ. ನೆನೆದು ಲೋಳೆಯಾದ ತುಂಡನ್ನು ಆತುರದ ನಾಯಿ ಇಡಿಯಾಗಿ ನುಂಗಿದರೆ ಅದು ಹೊಟ್ಟೆಯಲ್ಲಿ ಉಬ್ಬಿ ಕರುಳಿಗೆ ಅಡ್ಡ ಕೂರಬಹುದು. ನಿಮ್ಮದರಂಥ ನಾಯಿಗೆ, ಇಡಿಯಾಗಿ ಬಾಯಿಗೆ ಹೋಗದಷ್ಟು ದೊಡ್ಡದಾದ, ಒಳಗೆ ತಿಂಡಿ ತುಂಬಬಹುದಾದ ಬಾಗುವ ರಬ್ಬರಿನ ಆಟಿಕೆಯೇ ಮೇಲು. ಯಾವುದನ್ನೇ ಕೊಟ್ಟರೂ ಎದುರಿಗಿದ್ದು ನೋಡಿಕೊಳ್ಳಿ, ಸವೆದು ಚಿಕ್ಕದಾದೊಡನೆ ತೆಗೆದಿಡಿ.

ಮೂಳೆ ನುಂಗಿದ ಮೇಲೆ ವಾಂತಿ, ಮುಕ್ಕರಿಕೆ, ಮಲದಲ್ಲಿ ರಕ್ತ ಕಂಡರೆ, ಮನೆಯಲ್ಲಿ ವಾಂತಿ ಮಾಡಿಸಲು ಹೋಗದೆ ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.