ರೇರಾ ನವೀಕರಣ: ಫೀಸು ಕಟ್ಟಿದರೆ ಸಾಕೇ, ಪಾಠವನ್ನೂ ಓದಬೇಕೇ?

ಐದು ವರ್ಷದ ಹಿಂದೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಮಾಡಿಸಿದ ಆಸ್ತಿ ಏಜೆಂಟರ ಅವಧಿ ಈಗ ಮುಗಿಯುತ್ತಾ ಬಂದಿದೆ. ದಾವಣಗೆರೆ, ಹರಿಹರ, ಚಿತ್ರದುರ್ಗದಿಂದ ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ರೇರಾ ನೋಂದಣಿ ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ನವೀಕರಣಕ್ಕೆ ತರಬೇತಿ ಸರ್ಟಿಫಿಕೇಟ್ ಬೇಕು, ಪರೀಕ್ಷೆ ಬರೆಯಬೇಕು ಎಂದು ಕೆಲವರು ಹೆದರಿಸುತ್ತಿದ್ದಾರೆ. ಟೆಕ್ಸಾಸ್‌ನಲ್ಲಿ ಇದೇ ಕೆಲಸ ಮಾಡುವ ನಮ್ಮ ಅಳಿಯ ಎರಡು ವರ್ಷಕ್ಕೊಮ್ಮೆ ಕ್ಲಾಸಿಗೆ ಕೂರಬೇಕಂತೆ. ನಮಗೂ ಹಾಗೇ ಇದೆಯೇ?
— ಏಜೆಂಟರೊಬ್ಬರು, ನಿಟುವಳ್ಳಿ, ದಾವಣಗೆರೆ

ನಿಮ್ಮ ಅಳಿಯ ಹೇಳಿದ್ದು ಸರಿ. ಟೆಕ್ಸಾಸ್‌ನಲ್ಲಿ ಎರಡು ವರ್ಷಕ್ಕೆ 18 ಗಂಟೆ ಪಾಠ ಮುಗಿಸದೆ ಲೈಸೆನ್ಸ್ ನವೀಕರಣ ಆಗುವುದಿಲ್ಲ. ಅದರಲ್ಲಿ 8 ಗಂಟೆ ಬರೀ ಕಾನೂನಿನಲ್ಲಿ ಆದ ಹೊಸ ಬದಲಾವಣೆಗಳಿಗೇ ಮೀಸಲು. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ವರ್ಷಕ್ಕೆ 45 ಗಂಟೆ, ಫ್ಲೋರಿಡಾದಲ್ಲಿ ಎರಡು ವರ್ಷಕ್ಕೆ 14 ಗಂಟೆ. ನಮ್ಮ ದೇಶದಲ್ಲಿ ಮಹಾರಾಷ್ಟ್ರ ರೇರಾ 2023ರಲ್ಲಿ ಏಜೆಂಟರಿಗೆ 20 ಗಂಟೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ನಿಮಗೆ ಹೇಳಿದವರು ಬಹುಶಃ ಆ ಸುದ್ದಿಯನ್ನೇ ಇಲ್ಲಿಗೂ ಹೊಂದಿಸಿ ಹೇಳಿದ್ದಾರೆ.

2016ರ ರೇರಾ ಕಾಯ್ದೆಯಲ್ಲಾಗಲಿ 2017ರ ಕರ್ನಾಟಕ ನಿಯಮಗಳಲ್ಲಾಗಲಿ ನವೀಕರಣಕ್ಕೆ ಇಷ್ಟು ಗಂಟೆ ಓದಿರಬೇಕು ಎಂಬ ಷರತ್ತನ್ನು ಬರೆದಿಲ್ಲ. ಆದರೂ ಅರ್ಜಿ ಹಾಕುವ ದಿನ ಕರ್ನಾಟಕ ರೇರಾ ಪೋರ್ಟಲ್‌ನ ಸುತ್ತೋಲೆಗಳನ್ನು ಒಮ್ಮೆ ನೋಡಿ. ಮಹಾರಾಷ್ಟ್ರದಲ್ಲೂ ಇದು ಬಂದದ್ದು ಪ್ರಾಧಿಕಾರದ ಆದೇಶದಿಂದ, ಕಾಯ್ದೆಯ ತಿದ್ದುಪಡಿಯಿಂದಲ್ಲ.

ಈಗ ನಿಮ್ಮ ನವೀಕರಣದ ವಿಷಯ. ಅರ್ಜಿ ನಮೂನೆ ಜೆ. ಅವಧಿ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ ಸಲ್ಲಿಸಬೇಕು. ಅಂದರೆ ನಿಮ್ಮ ಕೈಯಲ್ಲಿ ಇರುವುದು ನಾಲ್ಕು ತಿಂಗಳಲ್ಲ, ಒಂದೇ ತಿಂಗಳು. ಪ್ಯಾನ್, ಆಧಾರ್, ಫೋಟೋ, ಕಚೇರಿ ವಿಳಾಸದ ದಾಖಲೆ, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಸಿದ್ಧ ಇಟ್ಟುಕೊಳ್ಳಿ. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಪ್ಯಾನ್‌ನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಹಿಂದೆ; ಅಂಗಡಿ ಪಿ.ಜೆ. ಬಡಾವಣೆಯಿಂದ ವಿದ್ಯಾನಗರಕ್ಕೆ ಬದಲಾಗಿದೆ, ರೇರಾದಲ್ಲಿ ಹಳೇ ವಿಳಾಸವೇ ಇದೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಐದು ವರ್ಷದ ಹಿಂದೆ ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರ್‌ನವರು ತಮ್ಮದೇ ಇಮೇಲ್, ತಮ್ಮದೇ ಮೊಬೈಲ್ ನಂಬರ್ ಹಾಕಿರುತ್ತಾರೆ. ಒಟಿಪಿ ಅವರಿಗೆ ಹೋಗುತ್ತದೆ, ಅಷ್ಟು ಹೊತ್ತಿಗೆ ಸೆಂಟರ್ ಮುಚ್ಚಿರುತ್ತದೆ. ಇವತ್ತೇ ಲಾಗಿನ್ ಆಗಿ ನೋಡಿ. ಆಗದಿದ್ದರೆ ಪ್ರಾಧಿಕಾರಕ್ಕೆ ಲಿಖಿತ ಮನವಿ ಕೊಟ್ಟು ಮೊಬೈಲ್, ಇಮೇಲ್ ಬದಲಿಸಿಕೊಳ್ಳಿ. ಉಳಿದ ದಾಖಲೆಗಳನ್ನು ಒಂದು ವಾರದಲ್ಲಿ ಹೊಂದಿಸಬಹುದು, ಇದೊಂದಕ್ಕೆ ಸಮಯ ಬೇಕು.

ಪ್ರಶ್ನೆ: ಕಡ್ಡಾಯ ಇಲ್ಲ ಅಂದಮೇಲೆ ಓದುವುದೇನಿದೆ? ಹದಿನೈದು ವರ್ಷದಿಂದ ಸೈಟು ಮಾರಿಸುತ್ತಿದ್ದೇನೆ. ಹೊಸದಾಗಿ ಕಲಿಯುವಂಥದ್ದು ಇದ್ದರೆ ತಿಳಿಸಿ.
— ಓದುಗರು, ಶಾಮನೂರು ರಸ್ತೆ, ದಾವಣಗೆರೆ

ಇದೆ, ಬಹಳ ಇದೆ. ಹದಿನೈದು ವರ್ಷದ ಅನುಭವದಲ್ಲಿ ನೀವು ಕಲಿತ ಕಾಗದಪತ್ರದ ಕ್ರಮ ಕಳೆದ ಎರಡು ಮೂರು ವರ್ಷಗಳಲ್ಲೇ ಬದಲಾಗಿದೆ. ಹಳೇ ಲೆಕ್ಕ ಹೇಳಿದರೆ ಖರೀದಿದಾರನಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ದುಡ್ಡು ಸಾಲದಾಗುತ್ತದೆ.

ಮೊದಲು ಆ ದುಡ್ಡಿನ ಲೆಕ್ಕ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. 20 ಲಕ್ಷದ ಸೈಟು ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 1,00,000 ರೂಪಾಯಿ. ಅದರ ಮೇಲೆ ಶೇ 10 ಸೆಸ್, 10,000. ಸರ್ಚಾರ್ಜ್ ನಗರದಲ್ಲಿ ಮುದ್ರಾಂಕದ ಶೇ 2, ಅಂದರೆ 2,000. ಪಂಚಾಯಿತಿ ವ್ಯಾಪ್ತಿಯಾದರೆ ಶೇ 3, 3,000. ನೋಂದಣಿ ಶುಲ್ಕ 40,000. ನಗರದೊಳಗಿನ ಸೈಟಿಗೆ ಒಟ್ಟು 1,52,000. ಹಳೇ ದರ ತಲೆಯಲ್ಲಿಟ್ಟುಕೊಂಡವರು 1,32,000 ಎನ್ನುತ್ತಾರೆ. ವ್ಯತ್ಯಾಸ 20,000, ಸಾಲ ಮಾಡಿ ಸೈಟು ಕೊಳ್ಳುವವನಿಗೆ ಅದು ದೊಡ್ಡ ಮೊತ್ತ. ಇನ್ನೊಂದು ಮಾತು: ಈ ಲೆಕ್ಕ ಕ್ರಯದ ಮೊತ್ತ ಮತ್ತು ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಕಡಿಮೆ ಬೆಲೆಗೆ ಶೇ 2, ಶೇ 3 ಮುದ್ರಾಂಕ ಎಂದು ಕೇಳಿರುತ್ತೀರಿ. ಅದು ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ, ಖಾಲಿ ಸೈಟಿಗಲ್ಲ.

ಎರಡನೆಯದು ಇ-ಖಾತಾ, ಅಂದರೆ ಸ್ಥಳೀಯ ಸಂಸ್ಥೆ ಕಂಪ್ಯೂಟರಿನಲ್ಲಿ ಕೊಡುವ ಆಸ್ತಿಯ ಖಾತಾ. 2024ರ ಅಕ್ಟೋಬರ್‌ನಿಂದ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಇ-ಆಸ್ತಿ ತಂತ್ರಾಂಶದ ಇ-ಖಾತಾ ಇಲ್ಲದೆ ಕ್ರಯಪತ್ರ ನೋಂದಣಿ ಆಗುವುದಿಲ್ಲ. ಆದ್ದರಿಂದ ಅಡ್ವಾನ್ಸ್ ಕೊಡಿಸುವ ಮೊದಲೇ ಇ-ಖಾತಾ ತೆಗೆಸಿ, ಕ್ರಯಪತ್ರದ ಪಕ್ಕ ಇಟ್ಟು ಸಾಲು ಸಾಲಾಗಿ ಓದಿ. ಮಾಲೀಕರ ಹೆಸರು, ಫೋಟೋ, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಖಾತಾದಲ್ಲಿ ಪೂರ್ವಕ್ಕೆ 14ನೇ ನಂಬರ್ ಸೈಟು ಎಂದಿದ್ದರೆ ಅದು ಟೈಪಿಂಗ್ ತಪ್ಪು ಎಂದು ಮುಂದಕ್ಕೆ ಹೋಗಬೇಡಿ. ತಿದ್ದುಪಡಿಗೆ ಪಾಲಿಕೆಗೆ ಅರ್ಜಿ ಹಾಕಿಸಿ, ಸರಿಯಾದ ಪ್ರತಿ ಬಂದ ಮೇಲೆ ಮಾತುಕತೆಗೆ ಕೂರಿ. ಎ ಖಾತಾ, ಬಿ ಖಾತಾ ವ್ಯತ್ಯಾಸವನ್ನೂ ಖರೀದಿದಾರನಿಗೆ ಬಾಯಿಬಿಟ್ಟು ಹೇಳಬೇಕು. ಬಿ ಖಾತಾ ಎಂದರೆ ತೆರಿಗೆ ಲೆಕ್ಕಕ್ಕೆ ಸೇರಿದೆ ಅಷ್ಟೇ, ಬಡಾವಣೆಗೆ ಮಂಜೂರಾತಿ ಸಿಕ್ಕಿತು ಎಂದಲ್ಲ. ಊರಾಚೆ ಪಂಚಾಯಿತಿಯಲ್ಲಾದರೆ ಖಾತಾ ಬರುವುದು ಇ-ಸ್ವತ್ತು ತಂತ್ರಾಂಶದಲ್ಲಿ: ನಮೂನೆ 9 ಮತ್ತು 11ಎ ಸಕ್ರಮ ಆಸ್ತಿಗೆ, 11ಬಿ ಮಂಜೂರಾತಿ ಇಲ್ಲದ ಆಸ್ತಿಗೆ. 11ಬಿ ತೋರಿಸಿ "ಇ-ಸ್ವತ್ತು ಇದೆ" ಎನ್ನುವುದು ಅರ್ಧ ಸತ್ಯ, ಅದರಿಂದ ಬಡವರ ದುಡ್ಡು ಮುಳುಗುತ್ತದೆ.

ಮೂರನೆಯದು ಇ.ಸಿ. (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ) ಓದುವುದು. ಹಳೇ ಕೈಗಳೂ ಎಡವುವ ಜಾಗ ಇದು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ದಾಖಲೆ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಕೊಡಬೇಕು. ವಹಿವಾಟು ಇದ್ದರೆ ನಮೂನೆ 15 ಬರುತ್ತದೆ, ಇಲ್ಲದಿದ್ದರೆ ನಮೂನೆ 16. ನಮೂನೆ 16 ಬಂದ ತಕ್ಷಣ "ನಿಲ್ ಬಂತು, ಕ್ಲಿಯರ್" ಎಂದು ಸಂತೋಷಪಡುವವರೇ ಹೆಚ್ಚು. ಆದರೆ ಹುಡುಕಾಟ ಆಗುವುದು ನೀವು ಕೊಟ್ಟ ನಂಬರಿನ ಮೇಲೆ. ಜಮೀನಿನ ಸರ್ವೆ ನಂಬರ್ ಕೊಟ್ಟು ಹುಡುಕಿದ್ದೀರಿ, ಹಿಂದಿನ ಮಾಲೀಕ ಅಡಮಾನ ಮಾಡಿದ್ದು ಸೈಟ್ ನಂಬರ್ ಮತ್ತು ಖಾತಾ ನಂಬರ್ ಹಾಕಿ. ಆಗ ಅಡಮಾನ ಕಾಣುವುದೇ ಇಲ್ಲ. ಸರ್ವೆ ನಂಬರ್, ಹಿಸ್ಸಾ, ಹಳೇ ಅಸೆಸ್‌ಮೆಂಟ್ ನಂಬರ್, ಈಗಿನ ಖಾತಾ ನಂಬರ್, ಮಾಲೀಕರ ಹೆಸರು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಇ.ಸಿ. ತೆಗೆಸಿ ಒಟ್ಟಿಗೆ ಹರಡಿಕೊಂಡು ನೋಡಬೇಕು.

ಜಮೀನಿನ ಬುಡಕ್ಕೂ ಹೋಗಬೇಕು. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಅಲಿನೇಷನ್ (ಹೊಲವನ್ನು ಬೇರೆ ಬಳಕೆಗೆ ಪರಿವರ್ತಿಸುವ) ಆದೇಶ, ಅದರ ಮೇಲೆ ದೂಡಾದ (ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಬಡಾವಣೆ ನಕ್ಷೆ ಮಂಜೂರಾತಿ. ಈ ಎರಡೂ ಬೇರೆ ಬೇರೆ ಕಾಗದ. ಅಲಿನೇಷನ್ ಆಗಿದೆ ಎಂದರೆ ಲೇಔಟ್ ಅಪ್ರೂವ್ ಆಯಿತು ಎಂದಲ್ಲ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರಾಟ ಆಗುತ್ತಿದ್ದರೆ 11ಇ ಸ್ಕೆಚ್ (ಆ ಭಾಗವನ್ನು ಗುರುತಿಸುವ ಸರ್ವೆ ನಕ್ಷೆ) ಬೇಕು. ಮೂಲದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ನೋಡದೆ ಕೈ ಹಾಕಬೇಡಿ. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಎಂದಿರುವುದರಿಂದ, ಎಷ್ಟೋ ವರ್ಷ ಆಯಿತು ಎಂಬ ಸಮಜಾಯಿಷಿಯನ್ನೇ ನಂಬಿ ಕೂರಬೇಡಿ. ನಮ್ಮ ಭಾಗದಲ್ಲಿ ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗಕ್ಕೆ ಜಮೀನು ಸ್ವಾಧೀನ ನಡೆದಿರುವುದರಿಂದ ಆ ಸಾಲಿನ ಹಳ್ಳಿಗಳಲ್ಲಿ ಸರ್ವೆ ನಂಬರನ್ನು ಸ್ವಾಧೀನದ ಅಧಿಸೂಚನೆಯೊಂದಿಗೆ ಹೋಲಿಸಿ ನೋಡುವುದೂ ಏಜೆಂಟರ ಕೆಲಸವೇ.

ಇಷ್ಟನ್ನು ಕಲಿಯಲು 20 ಗಂಟೆ ಸಾಕು. ನಾವಾದರೆ 5 ಗಂಟೆ ರೇರಾ ಕಾಯ್ದೆಯ 2, 3, 9ರಿಂದ 19 ಮತ್ತು 62ನೇ ಕಲಮುಗಳಿಗೆ ಕೊಡುತ್ತೇವೆ. 8 ಗಂಟೆ ಖಾತಾ, ಇ.ಸಿ., ಪಹಣಿ ಎದುರಿಗಿಟ್ಟುಕೊಂಡು ಓದಲು. ಉಳಿದದ್ದು ತೆರಿಗೆಗೆ ಮತ್ತು ರೇರಾ ಪೋರ್ಟಲ್‌ನಲ್ಲಿ ಪ್ರಕಟವಾಗುವ ಆದೇಶಗಳಿಗೆ. ನಾಲ್ಕೈದು ಏಜೆಂಟರು ಸೇರಿ ತಿಂಗಳಿಗೆ ಎರಡು ಗಂಟೆ ಕೂತರೆ ವರ್ಷದೊಳಗೆ ಮುಗಿಯುತ್ತದೆ.

ಪ್ರಶ್ನೆ: ನನ್ನ ನೋಂದಣಿ ಮುಗಿದು ಎರಡು ತಿಂಗಳಾಯಿತು, ಗಮನಿಸಿರಲಿಲ್ಲ. ಈ ನಡುವೆ ರೇರಾ ಲೇಔಟ್ ಒಂದರಲ್ಲಿ ಸೈಟು ಬುಕ್ ಮಾಡಿಸಿದ್ದೇನೆ. ಏನಾಗುತ್ತದೆ?
— ಹರಿಹರದ ಓದುಗರು

ಮೊದಲು ವ್ಯವಹಾರ ನಿಲ್ಲಿಸಿ. ನೋಂದಣಿ ಇಲ್ಲದೆ ಮಾರಾಟ ಮಾಡಿಸಿದರೆ 62ನೇ ಕಲಮಿನಂತೆ ದಿನಕ್ಕೆ 10,000 ರೂಪಾಯಿ ದಂಡ. ಅದು ಬೆಳೆಯುತ್ತಾ ಆ ಸೈಟಿನ ಬೆಲೆಯ ಶೇ 5ರವರೆಗೆ ಹೋಗಬಹುದು. 20 ಲಕ್ಷದ ಸೈಟಿಗೆ ಮಿತಿ 1 ಲಕ್ಷ, ಅಂದರೆ ಹತ್ತೇ ದಿನದಲ್ಲಿ ಮಿತಿ ಮುಟ್ಟುತ್ತದೆ. ನಿಮಗೆ ಸಿಗುವ ಕಮಿಷನ್ ಅದಕ್ಕಿಂತ ಕಡಿಮೆಯೇ ಇರುತ್ತದೆ. ನವೀಕರಣದ ಗಡುವು ದಾಟಿದ್ದರಿಂದ ನಮೂನೆ ಜಿಯಲ್ಲಿ ಹೊಸದಾಗಿ ಅರ್ಜಿ ಹಾಕುವುದೇ ಸುರಕ್ಷಿತ ದಾರಿ. ಶುಲ್ಕ ವ್ಯಕ್ತಿಗೆ 25,000, ಸಂಸ್ಥೆ ಅಥವಾ ಕಂಪನಿಗೆ 2 ಲಕ್ಷ. ಹೊಸ ನಂಬರ್ ಬರುವವರೆಗೆ ಬೋರ್ಡು, ವಿಸಿಟಿಂಗ್ ಕಾರ್ಡು, ವಾಟ್ಸ್ಆ್ಯಪ್ ಡಿಪಿಯಿಂದ ಹಳೇ ನಂಬರ್ ತೆಗೆಯಿರಿ. ಬುಕ್ ಮಾಡಿಸಿದ ವ್ಯವಹಾರದ ಬಗ್ಗೆ ವಕೀಲರ ಸಲಹೆ ಪಡೆಯಿರಿ. ಹಿಂದಿನ ತಾರೀಕು ಹಾಕಿ ಕಾಗದ ಮಾಡಲು ಯಾರು ಹೇಳಿದರೂ ಒಪ್ಪಬೇಡಿ. ಸುಳ್ಳು ಮಾಹಿತಿ ಅಥವಾ ಮೋಸದಿಂದ ಪಡೆದ ನೋಂದಣಿಯನ್ನು ರದ್ದು ಮಾಡುವ ಅಧಿಕಾರ ಪ್ರಾಧಿಕಾರಕ್ಕಿದೆ.

ಪ್ರಶ್ನೆ: ನಾನು ಹೊಲ ಮತ್ತು ರೆವಿನ್ಯೂ ಸೈಟುಗಳನ್ನಷ್ಟೇ ಮಾರಿಸುವುದು. ನನಗೂ ರೇರಾ ನಂಬರ್ ಬೇಕೇ?
— ಓದುಗರು, ತುರುವನೂರು ರಸ್ತೆ, ಚಿತ್ರದುರ್ಗ

ಹೊಲವನ್ನು ಹೊಲವಾಗಿಯೇ ಮಾರಿಸಿದರೆ ಬೇಡ. 9ನೇ ಕಲಮು ಹೇಳುವುದು ಪ್ರವರ್ತಕರು (ಲೇಔಟ್, ಫ್ಲ್ಯಾಟು ಮಾಡಿ ಮಾರುವವರು) ನಗರ ಯೋಜನಾ ಪ್ರದೇಶದಲ್ಲಿ ಮಾರುವ, ರೇರಾ ನೋಂದಾಯಿತ ಯೋಜನೆಯ ಸೈಟು, ಫ್ಲ್ಯಾಟುಗಳ ಬಗ್ಗೆ. ಒಬ್ಬರು ತಮ್ಮ ಸ್ವಂತ ಹಳೇ ಮನೆ ಮಾರುವುದೂ ಅದರಲ್ಲಿ ಬರುವುದಿಲ್ಲ.

ರೆವಿನ್ಯೂ ಸೈಟಿನ ಮಾತು ಬೇರೆ. ರೇರಾ ನೋಂದಣಿ ಬೇಡ ಎಂಬ ರಿಯಾಯಿತಿ ಇರುವುದು 500 ಚದರ ಮೀಟರ್ ಮೀರದ ಜಮೀನಿಗೆ, ಅಥವಾ ಎಂಟು ಮೀರದ ಫ್ಲ್ಯಾಟುಗಳಿಗೆ. ಒಂದು ಗುಂಟೆ 101 ಚದರ ಮೀಟರ್ ಚಿಲ್ಲರೆ. ಐದು ಗುಂಟೆಗೇ 505 ಆಗುತ್ತದೆ. ಎರಡು ಎಕರೆ ಹೊಲಕ್ಕೆ ಕಲ್ಲು ನೆಟ್ಟು 30×40 ಎಂದು ಹಂಚುತ್ತಿದ್ದರೆ ಅದು ರೇರಾ ವ್ಯಾಪ್ತಿಯ ಯೋಜನೆ, ನೋಂದಣಿ ಆಗಿಲ್ಲ ಅಷ್ಟೇ. ಅಂಥದ್ದರಲ್ಲಿ ಏಜೆಂಟ್ ನಂಬರ್ ಇದ್ದರೂ ನೀವು ಕೈ ಹಾಕುವಂತಿಲ್ಲ. 10ನೇ ಕಲಮು ಅದನ್ನೇ ಮೊದಲು ನಿಷೇಧಿಸುತ್ತದೆ.

ಪ್ರಶ್ನೆ: ಲೇಔಟ್ ಮಾಲೀಕರು ಕೊಟ್ಟ ಪಾಂಪ್ಲೆಟನ್ನು ನಾನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದರೆ ತಪ್ಪೇ? "ದೂಡಾ ಅಪ್ರೂವಲ್ ಪ್ರೊಸೆಸ್‌ನಲ್ಲಿದೆ, ರೇರಾ ಬರುತ್ತದೆ, ಪ್ರೀ-ಲಾಂಚ್ ರೇಟ್, 5 ಲಕ್ಷ ಕೊಟ್ಟು ಬುಕ್ ಮಾಡಿ" ಎಂದಿದೆ.
— ಓದುಗರು, ಎಸ್.ಎಸ್. ಬಡಾವಣೆ, ದಾವಣಗೆರೆ

ತಪ್ಪು. ಯಾವುದೇ ಮಾಧ್ಯಮದ ಪ್ರಚಾರವೂ ಕಾಯ್ದೆಯ ಪ್ರಕಾರ ಜಾಹೀರಾತೇ. ನೋಂದಣಿಗೆ ಮೊದಲು ಜಾಹೀರಾತು ಕೊಡುವುದು, ಬುಕಿಂಗ್ ತೆಗೆದುಕೊಳ್ಳುವುದು ಎರಡನ್ನೂ 3ನೇ ಕಲಮು ತಡೆಯುತ್ತದೆ. "ರೇರಾ ಬರುತ್ತದೆ" ಎಂದರೆ ಇವತ್ತು ಇಲ್ಲ ಎಂದೇ ಅರ್ಥ. ನೋಂದಣಿ ಆದ ಮೇಲೂ ಜಾಹೀರಾತಿನಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಇರಲೇಬೇಕು. ನಂಬರನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಿ: ಸಂಖ್ಯೆಯ ನಡುವೆ ಪಿಆರ್ ಇದ್ದರೆ ಯೋಜನೆಯದು, ಎಜಿ ಇದ್ದರೆ ಏಜೆಂಟರದು. ಏಜೆಂಟರ ನಂಬರನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ ಯೋಜನೆಯೇ ನೋಂದಣಿ ಆದಂತೆ ತೋರಿಸುವುದು ಜನರ ಕಣ್ಣಿಗೆ ಮಣ್ಣೆರಚುವ ಕೆಲಸ.

5 ಲಕ್ಷದ ಬಗ್ಗೆ: ಮಾರಾಟ ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. 20 ಲಕ್ಷದ ಸೈಟಿಗೆ 2 ಲಕ್ಷವೇ ಮಿತಿ. ಅದರಲ್ಲೂ 20,000 ಮುಟ್ಟಿದರೆ ನಗದಾಗಿ ತೆಗೆದುಕೊಳ್ಳಬಾರದು. ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ ಆಗಬೇಕು.

ಪ್ರಶ್ನೆ: ಕಮಿಷನ್‌ನಲ್ಲಿ ಟಿಡಿಎಸ್ ಎಷ್ಟು ಹಿಡಿಯಬೇಕು? ಜಿಎಸ್‌ಟಿ ನನಗೂ ಬರುತ್ತದೆಯೇ?
— ಓದುಗರು, ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ

2024ರ ಅಕ್ಟೋಬರ್ 1ರಿಂದ ಕಮಿಷನ್ ಮೇಲಿನ ಟಿಡಿಎಸ್ ಶೇ 2. ಮೊದಲು ಶೇ 5 ಇತ್ತು. ಈಗಲೂ ಶೇ 5 ಕತ್ತರಿಸಿದ್ದರೆ ಕಮಿಷನ್ ಕೊಟ್ಟವರ ಅಕೌಂಟೆಂಟರಿಗೆ ತಿಳಿಸಿ. ಕತ್ತರಿಸಿದ್ದು ಆದಾಯ ತೆರಿಗೆ ಪೋರ್ಟಲ್‌ನ ನಿಮ್ಮ ತೆರಿಗೆ ವಿವರದಲ್ಲಿ ಬಂದಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ವರ್ಷದ ಕಮಿಷನ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ದರ ಶೇ 18. ವಾರ್ಷಿಕ ವಹಿವಾಟು 20 ಲಕ್ಷ ಮುಟ್ಟಿದ ಏಜೆಂಟರು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿಯೂ ಬರುತ್ತಾರೆ. ಗ್ರಾಹಕರ ಗುರುತಿನ ದಾಖಲೆ ಇಟ್ಟುಕೊಳ್ಳುವುದು ಆಗ ಕಡ್ಡಾಯ. ಪಾವತಿ ರಸೀದಿ, ಕಮಿಷನ್ ಪತ್ರ, ಗ್ರಾಹಕರಿಗೆ ಕೊಟ್ಟ ದಾಖಲೆಗಳ ಪಟ್ಟಿಗೆ ಅವರ ಸಹಿ, ಇವನ್ನು ಸೈಟಿಗೊಂದು ಫೈಲಿನಲ್ಲಿ ಇಡಿ. ಲೆಕ್ಕಪುಸ್ತಕ ಇಡುವುದನ್ನು ರೇರಾವೂ ಕೇಳುತ್ತದೆ.

ಪ್ರಶ್ನೆ: ನನ್ನ ನಂಬರಿನಲ್ಲಿ ಮಗನೂ ವ್ಯವಹಾರ ಮಾಡಬಹುದೇ?
— ಓದುಗರು, ಹದಡಿ ರಸ್ತೆ, ದಾವಣಗೆರೆ

ವ್ಯಕ್ತಿಯ ಹೆಸರಿನ ನೋಂದಣಿ ಆ ವ್ಯಕ್ತಿಗೆ ಮಾತ್ರ. ಮಗ ನಿಮ್ಮ ಜೊತೆ ಬಂದು ಸೈಟು ತೋರಿಸಲಿ, ಅಡ್ಡಿಯಿಲ್ಲ. ತಾನೇ ಮಾತಾಡಿ ವ್ಯವಹಾರ ಕುದುರಿಸಿ ಕಮಿಷನ್ ತೆಗೆದುಕೊಳ್ಳುವುದಾದರೆ ಅವನ ಹೆಸರಿನಲ್ಲಿ ಬೇರೆ ನೋಂದಣಿ ಮಾಡಿಸಿ.