ಶನಿವಾರವಾಡೆಯ ಹತ್ತಿರ ಪಾಯ ತೋಡುವ ಮುನ್ನ

ನಮಸ್ಕಾರ. ಪುಣೆಯ ಶನಿವಾರ ಪೇಟೆಯ ಹಳೇ ಮನೆಗೆ ಹಿಂದುಗಡೆ ಒಂದು ಕೋಣೆ ಸೇರಿಸಬೇಕು, ಪಾಯ ತೋಡುವಾಗ ಪುರಾತತ್ವದವರು ನಿಂತು ನೋಡಬೇಕಾ ಅಂತ ಕೇಳಿದ್ದೀರಿ.

ಮೊದಲು ದೂರ ಅಳೆಸಿ. ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆ ಕೇಂದ್ರದ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಕೋಣೆ ಸೇರಿಸುವುದೂ ಕಾನೂನಿನ ಲೆಕ್ಕದಲ್ಲಿ ಕಟ್ಟುವುದೇ. ಅಲ್ಲಿ ದುರಸ್ತಿಗೆ ಮಾತ್ರ ಅವಕಾಶ, ಅದಕ್ಕೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬಹುದು. ಪಾಲಿಕೆಯ ಮಂಜೂರಾತಿ ಒಂದೇ ಸಾಲದು. ಪುರಾತತ್ವದವರು ನಿಗಾ ಇಡಬೇಕು ಅನ್ನೋ ಷರತ್ತು ಅನುಮತಿ ಪತ್ರದಲ್ಲಿದ್ದರೆ ಅದನ್ನು ಪಾಲಿಸಲೇಬೇಕು.

ಷರತ್ತು ಇಲ್ಲದಿದ್ದರೂ ದಯವಿಟ್ಟು ಜೆಸಿಬಿ ತರಿಸಬೇಡಿ. ಗುದ್ದಲಿಯಲ್ಲೇ, ನಿಧಾನವಾಗಿ ತೋಡಿಸಿ. ಪೇಶ್ವೆಗಳ ಕಾಲದಲ್ಲಿ ಕಾತ್ರಜ್ ಕೆರೆಯಿಂದ ಶನಿವಾರವಾಡೆಯವರೆಗೆ ನೆಲದಡಿಯಲ್ಲೇ ನೀರು ತಂದಿದ್ದರು. ಊರಿನ ಹಳೇ ನೀರಿನ ತೊಟ್ಟಿಗಳಿಗೆ ಆ ನೀರೇ ಬರುತ್ತಿತ್ತು. ಹಾಗಾಗಿ ಕಲ್ಲಿನ ಕಾಲುವೆ, ಮಣ್ಣಿನ ಕೊಳವೆ ಸಿಕ್ಕರೆ ಸುಮ್ನೆ ಕಸ ಅಂತ ಎಸೆಯಬೇಡಿ. ಕೆಲಸ ನಿಲ್ಲಿಸಿ. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಎಷ್ಟು ಆಳದಲ್ಲಿ ಸಿಕ್ಕಿತು ಬರೆದಿಡಿ. ವಸ್ತುವಿಗಿಂತ ಅದು ಯಾವ ಮಣ್ಣಿನ ಪದರದಲ್ಲಿತ್ತು ಅನ್ನೋದೇ ಜಾಸ್ತಿ ಹೇಳುತ್ತದೆ, ಕಿತ್ತು ತೆಗೆದರೆ ಆ ಮಾಹಿತಿ ಹೋದಂತೆಯೇ. ನಾಣ್ಯ, ಒಡವೆ ಸಿಕ್ಕರೆ 1878ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ನಮ್ಮ ಪುಣೆಯಲ್ಲೇ ಡೆಕ್ಕನ್ ಕಾಲೇಜಿನ ಪುರಾತತ್ವ ವಿಭಾಗ ಇದೆ ಅಲ್ವಾ? ಗುದ್ದಲಿ ಹಾಕುವ ಮೊದಲೇ ಅಲ್ಲಿ ಹೋಗಿ ಮಾತಾಡಿ.