ಕಣ್ಣಿನ ವ್ಯಾಯಾಮ ಮಾಡಿದರೆ ಕನ್ನಡಕ ಬಿಡಬಹುದೇ?

ಪ್ರಶ್ನೆ: ವಯಸ್ಸು 24, ಎರಡೂ ಕಣ್ಣಿಗೆ ಮೈನಸ್ 2.5. ಕಣ್ಣು ತಿರುಗಿಸುವುದು, ಅಂಗೈ ಉಜ್ಜಿ ಕಣ್ಣಿಗೆ ಹಿಡಿಯುವುದು ಎರಡು ತಿಂಗಳಿಂದ ನಡೆದಿದೆ. ಒಮ್ಮೊಮ್ಮೆ ಕನ್ನಡಕವಿಲ್ಲದೆಯೂ ಚೆನ್ನಾಗಿ ಕಾಣುತ್ತದೆ. ಪವರ್ ಇಳಿಯುತ್ತಿದೆಯೇ?

ಉತ್ತರ: ವ್ಯಾಯಾಮದಿಂದ ಇಳಿಯುವ ಪವರ್ ಇದಲ್ಲ. ಸಮೀಪದೃಷ್ಟಿಯಲ್ಲಿ, ಅಂದರೆ ದೂರದ್ದು ಮಸುಕಾಗುವ ಮೈನಸ್ ಪವರ್‌ನಲ್ಲಿ, ಸಾಮಾನ್ಯವಾಗಿ ಸ್ನಾಯು ಸೋತಿರುವುದಿಲ್ಲ, ಕಣ್ಣುಗುಡ್ಡೆಯೇ ಉದ್ದವಾಗಿರುತ್ತದೆ. ವಯಸ್ಕರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿ.ಮೀ. ಅದು ಒಂದೇ ಒಂದು ಮಿ.ಮೀ. ಹೆಚ್ಚಾದರೂ ಎರಡೂವರೆ, ಮೂರು ಡಯಾಪ್ಟರ್ (ಪವರ್ ಅಳೆಯುವ ಮಾನ) ಮೈನಸ್ ಬಂದುಬಿಡುತ್ತದೆ. ಗುಡ್ಡೆಯನ್ನು ಎಷ್ಟು ತಿರುಗಿಸಿದರೂ ಆ ಉದ್ದ ಮೊಟಕಾಗದು.

ಹೊರಗಿನ ಸ್ನಾಯುಗಳು ಕಣ್ಣನ್ನು ಹಿಂಡುವುದರಿಂದಲೇ ದೃಷ್ಟಿದೋಷ ಎಂಬ ವಾದವನ್ನು ನೂರು ವರ್ಷದ ಹಿಂದೆ ಹಬ್ಬಿಸಿದವರು ಅಮೆರಿಕದ ವೈದ್ಯ ವಿಲಿಯಂ ಬೇಟ್ಸ್. ಫೋಕಸ್ ಮಾಡುವುದು ಒಳಗಿನ ಮಸೂರ, ಹೊರಗಿನ ಸ್ನಾಯುಗಳಲ್ಲ. ವಾದ ಬಿದ್ದುಹೋಯಿತು, ವ್ಯಾಯಾಮ ಮಾತ್ರ ಉಳಿಯಿತು!

ಮತ್ತೆ ಚೆನ್ನಾಗಿ ಕಾಣುವುದೇಕೆ? ಕಣ್ಣು ಕಿರಿದಾಗಿಸಿದಾಗ ರೆಪ್ಪೆಗಳ ಸಂದು ಸೂಜಿರಂಧ್ರದಂತೆ ಚೆದುರುವ ಬೆಳಕನ್ನು ತಡೆಯುತ್ತದೆ. ಮಿಟುಕಿಸಿದಾಗ ಕಣ್ಣೀರಿನ ಪದರ ಸಮನಾಗುತ್ತದೆ. ಕನ್ನಡಕ ಬಿಟ್ಟು ಕೆಲಕಾಲ ಇದ್ದರೆ ಮೆದುಳು ಮಸುಕಿಗೇ ಒಗ್ಗಿಕೊಳ್ಳುತ್ತದೆ. ಅಪರೂಪಕ್ಕೆ, ಹತ್ತಿರದ ಕೆಲಸ ಅತಿಯಾಗಿ ಒಳಸ್ನಾಯು ಬಿಗಿಹಿಡಿದು ಸುಳ್ಳು ಮೈನಸ್ ತೋರುವುದುಂಟು. ಆ ಸ್ನಾಯುವನ್ನು ಸಡಿಲಿಸುವ ಡ್ರಾಪ್ಸ್ ಹಾಕಿ ಪವರ್ ನೋಡಿದರೆ ಅದು ಬಯಲಾಗುತ್ತದೆ. ಅಂಗೈ ಹಿಡಿಯುವುದು ಹಿತ, ಗುಡ್ಡೆ ಒತ್ತಬೇಡಿ. ಸೂರ್ಯನನ್ನು ದಿಟ್ಟಿಸುವ ‘ವ್ಯಾಯಾಮ’ವಂತೂ ಬೇಡವೇ ಬೇಡ, ರೆಟಿನಾ ಸುಡುತ್ತದೆ.

ಪ್ರಶ್ನೆ: ಓದುವಾಗ ಅಕ್ಷರಗಳು ಎರಡಾಗಿ, ತಲೆನೋವು ಬರುತ್ತದೆ. ಕಣ್ಣುಗಳು ಒಳಮುಖವಾಗಿ ಕೂಡುವುದಿಲ್ಲ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಪೆನ್ಸಿಲ್ ವ್ಯಾಯಾಮ ಹೇಳಿದ್ದಾರೆ. ಹೇಗೆ?

ಉತ್ತರ: ವ್ಯಾಯಾಮ ನಿಜಕ್ಕೂ ಫಲ ಕೊಡುವುದು ಇಲ್ಲಿ. ಕನ್ನಡಕವಿದ್ದರೆ ಹಾಕಿಕೊಂಡೇ ಮಾಡಿ. ಪೆನ್ಸಿಲ್ ಮೇಲಿನ ಒಂದು ಸಣ್ಣ ಅಕ್ಷರವನ್ನು ತೋಳಳತೆ ದೂರದಲ್ಲಿ ಹಿಡಿದು, ನಿಧಾನವಾಗಿ ಮೂಗಿನ ಬುಡದತ್ತ ತನ್ನಿ. ಎರಡಾದ ಕಡೆ ನಿಲ್ಲಿಸಿ, ಒಂದಾಗಿಸಲು ಕೆಲವು ಸೆಕೆಂಡು ಪ್ರಯತ್ನಿಸಿ. ಆಗದಿದ್ದರೆ ತುಸು ಹಿಂದಕ್ಕೆ ಒಯ್ದು ಮತ್ತೆ ತನ್ನಿ. ಮೂಗಿನಿಂದ ಸುಮಾರು 6 ಸೆಂ.ಮೀ.ವರೆಗೂ ಒಂದಾಗಿಯೇ ಕಾಣುವುದು ಗುರಿ. ದಿನಕ್ಕೆ 15 ನಿಮಿಷ, ವಾರಕ್ಕೆ 5 ದಿನ, 12 ವಾರ.

ಎಡವುವುದು ಎಲ್ಲಿ ಗೊತ್ತೇ? ಒಂದು ಕಣ್ಣು ಸದ್ದಿಲ್ಲದೆ ಕೆಲಸ ಬಿಟ್ಟು ಹೊರಗೆ ಸರಿಯುತ್ತದೆ, ಪೆನ್ಸಿಲ್ ಒಂದಾಗಿಯೇ ಕಾಣುವುದರಿಂದ ಗೆದ್ದೆವೆಂದುಕೊಳ್ಳುತ್ತೇವೆ. ಪೆನ್ಸಿಲ್ ನೋಡುತ್ತಿರುವಾಗ ಹಿಂದಿನ ಬಾಗಿಲಿನ ಚೌಕಟ್ಟು ಎರಡಾಗಿ ಕಾಣಬೇಕು. ಅದೂ ಒಂದೇ ಆಗಿದ್ದರೆ ಒಂದು ಕಣ್ಣು ರಜೆಯಲ್ಲಿದೆ. ಕ್ಲಿನಿಕ್‌ನಲ್ಲಿ ಥೆರಪಿಸ್ಟ್ ಮೇಲ್ವಿಚಾರಣೆಯಲ್ಲಿ ಮಾಡಿದರೆ ಬರೀ ಪೆನ್ಸಿಲ್‌ಗಿಂತ ಫಲ ಹೆಚ್ಚು. ಆದರೆ ಇದ್ದಕ್ಕಿದ್ದಂತೆ ಎಲ್ಲವೂ ಎರಡಾಗಿ ಕಂಡರೆ ಪೆನ್ಸಿಲ್ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಚಾಳೀಸನ್ನು ವ್ಯಾಯಾಮದಿಂದ ಮುಂದೂಡಬಹುದೇ?

ಉತ್ತರ: ಆಗದು. ಗಡುಸಾಗಿರುವುದು ಮಸೂರ. ಓದುವ ಕನ್ನಡಕ ಹಾಕಿದ್ದಕ್ಕೆ ಪವರ್ ಏರುವುದೂ ಇಲ್ಲ. ಅದು ವಯಸ್ಸಿನೊಂದಿಗೆ ಏರಿ, ಅರವತ್ತರ ಆಸುಪಾಸಿನಲ್ಲಿ ತಾನೇ ನಿಲ್ಲುತ್ತದೆ.